ಬಣ್ಣದಲ್ಲಿ ನಿಂತಿರುವ ಮಿಂಚುಹುಳು
ಗೋವಾದ ವಸ್ತುಸಂಗ್ರಹಾಲಯದ ಒಂದು ಹಳೆಯ ವಿಮಾನ ಹೇಳುವ ಇತಿಹಾಸ

ನಮ್ಮ ಭಾಗದ ಶಾಲಾ ಕಾಲೇಜುಗಳ ಮಕ್ಕಳು ಡಿಸೆಂಬರ್ ತಿಂಗಳಲ್ಲಿ ಪ್ರವಾಸ ಹೊರಡುವುದು ವಾಡಿಕೆ. ಜೋಗ, ಗೋಕರ್ಣ, ಕಾರವಾರ ಮುಗಿಸಿಕೊಂಡು ಬಸ್ಸು ಗೋವಾ ತಲುಪುತ್ತದೆ. ಅಲ್ಲಿ ಕಡಲತೀರ, ಹಳೆಯ ಚರ್ಚುಗಳು, ದೋಣಿ ವಿಹಾರ ಇವುಗಳನ್ನು ನೋಡಿ ಮಕ್ಕಳು ಹಿಂದಿರುಗುತ್ತಾರೆ. ದಾಬೋಲಿಂ ವಿಮಾನ ನಿಲ್ದಾಣದಿಂದ ಬೋಗ್ಮಾಲೋ ಕಡಲತೀರಕ್ಕೆ ಹೋಗುವ ದಾರಿಯಲ್ಲಿ ಭಾರತೀಯ ನೌಕಾಪಡೆಯ ವಾಯುಯಾನ ವಸ್ತುಸಂಗ್ರಹಾಲಯ ಇದೆ. ಎಷ್ಟೋ ಬಸ್ಸುಗಳು ಅದರ ಮುಂದೆ ನಿಲ್ಲದೆ ಹೋಗುತ್ತವೆ. ನಿಂತರೂ ಮಕ್ಕಳು ಮೊದಲು ಓಡುವುದು ದೊಡ್ಡದಾದ ಸೂಪರ್ ಕಾನ್‌ಸ್ಟಲೇಷನ್ ವಿಮಾನದ ಕಡೆಗೆ, ಇಲ್ಲವೇ ನಿಂತಲ್ಲಿಂದಲೇ ನೇರವಾಗಿ ಮೇಲೇರಬಲ್ಲ ಸೀ ಹ್ಯಾರಿಯರ್ ಕಡೆಗೆ.

ಇವುಗಳ ನಡುವೆ ಮುಂದೆ ಪಂಕವಿರುವ, ಮೂತಿಯ ಕೆಳಗೆ ಗದ್ದದಂತೆ ಉಬ್ಬಿದ ಒಂದು ಹಳೆಯ ವಿಮಾನ ನಿಂತಿದೆ. ಅದರ ಸಂಖ್ಯೆ ಐಎನ್‌ಎಸ್ 112. ಹೆಸರು ಫೇರಿ ಫೈರ್‌ಫ್ಲೈ. ಫೇರಿ ಎನ್ನುವುದು ಅದನ್ನು ತಯಾರಿಸಿದ ಬ್ರಿಟಿಷ್ ಕಂಪನಿಯ ಹೆಸರು. ಫೈರ್‌ಫ್ಲೈ ಎಂದರೆ ನಮ್ಮ ಮಿಂಚುಹುಳು. ಮಳೆಗಾಲದ ಆರಂಭದಲ್ಲಿ ಕಾವೇರಿ ದಂಡೆಯ ಮರಗಳಲ್ಲಿ ನಾವು ನೋಡುತ್ತಿದ್ದ ಹುಳುವಿನ ಹೆಸರನ್ನೇ ಹೊತ್ತ ಈ ಯಂತ್ರ ಒಂದು ಕಾಲದಲ್ಲಿ ಯುದ್ಧವಿಮಾನ. ಆದರೆ ಭಾರತಕ್ಕೆ ಬಂದದ್ದು ಯುದ್ಧ ಮಾಡಲು ಅಲ್ಲ. ಹಾಗಾದರೆ ಯಾವ ಕೆಲಸಕ್ಕೆ ಬಂತು? ಯುದ್ಧವನ್ನೇ ಮಾಡದ ಒಂದು ವಿಮಾನವನ್ನು ನೌಕಾಪಡೆ ಏಕೆ ಜೋಪಾನ ಮಾಡಿ ಇಟ್ಟಿದೆ? ಈ ಲೇಖನದಲ್ಲಿ ಹೇಳಹೊರಟಿರುವುದು ಅದನ್ನೇ.

ಪಿಸ್ಟನ್ ಎಂಜಿನ್ ಎಂದರೇನು?

ಇಂದು ನಾವು ಆಕಾಶದಲ್ಲಿ ನೋಡುವ ದೊಡ್ಡ ವಿಮಾನಗಳೆಲ್ಲ ಬಹುಮಟ್ಟಿಗೆ ಜೆಟ್ ವಿಮಾನಗಳು. ಅವು ಬಿಸಿ ಅನಿಲವನ್ನು ಹಿಂದಕ್ಕೆ ರಭಸದಿಂದ ತಳ್ಳಿ ತಾವು ಮುಂದಕ್ಕೆ ಹೋಗುತ್ತವೆ. ಆದರೆ 1903ರಲ್ಲಿ ರೈಟ್ ಸಹೋದರರು ಮೊದಲು ಹಾರಿದಾಗಿನಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗೆ ವಿಮಾನಗಳನ್ನು ಹಾರಿಸಿದ್ದು ಪಿಸ್ಟನ್ ಎಂಜಿನ್. ಅದು ನಮಗೆ ಹೊಸದಲ್ಲ. ನಮ್ಮ ಮನೆಯ ಮುಂದಿನ ಮೋಟಾರು ಬೈಕಿನಲ್ಲಿ ಇರುವುದು ಅದೇ. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸೇರುತ್ತದೆ. ಪಿಸ್ಟನ್ ಅದನ್ನು ಒತ್ತುತ್ತದೆ. ಪ್ಲಗ್ಗಿನ ಕಿಡಿಯಿಂದ ಮಿಶ್ರಣ ಉರಿದು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಈ ಮೇಲೆ ಕೆಳಗಿನ ಚಲನೆ ಸುತ್ತುವ ಚಲನೆಯಾಗಿ ಬೈಕಿನಲ್ಲಿ ಚಕ್ರವನ್ನೂ ವಿಮಾನದಲ್ಲಿ ಪಂಕವನ್ನೂ ತಿರುಗಿಸುತ್ತದೆ.

ತತ್ವ ಒಂದೇ ಆದರೂ ಗಾತ್ರ ಬೇರೆ. ಫೈರ್‌ಫ್ಲೈ ವಿಮಾನದಲ್ಲಿದ್ದದ್ದು ರೋಲ್ಸ್ ರಾಯ್ಸ್ ಕಂಪನಿಯ ಗ್ರಿಫನ್ ಎಂಜಿನ್. ಆರು ಆರರ ಎರಡು ಸಾಲಿನಲ್ಲಿ ಒಟ್ಟು 12 ಸಿಲಿಂಡರುಗಳು. ಅವುಗಳ ಒಟ್ಟು ಸಾಮರ್ಥ್ಯ ಸುಮಾರು 36.7 ಲೀಟರ್. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ ಬೈಕನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಅದರ ಎಂಜಿನ್ ಕಾಲು ಲೀಟರ್. ಅಂದರೆ ಸುಮಾರು 147 ಜಾವಾ ಬೈಕುಗಳ ಎಂಜಿನ್‌ಗಳನ್ನು ಒಟ್ಟು ಸೇರಿಸಿದರೆ ಒಂದು ಗ್ರಿಫನ್ ಆಗುತ್ತದೆ. ಮೊದಲ ಮಾದರಿಯ ಶಕ್ತಿ 1,730 ಅಶ್ವಶಕ್ತಿ. ನಮ್ಮ ಗದ್ದೆ ಉಳುವ 35 ಅಶ್ವಶಕ್ತಿಯ ಸುಮಾರು 50 ಟ್ರ್ಯಾಕ್ಟರುಗಳು ಒಟ್ಟಿಗೆ ಎಳೆದಷ್ಟು ಬಲ.

ಇಷ್ಟು ಶಕ್ತಿ ಹುಟ್ಟುವಲ್ಲಿ ಬಿಸಿಯೂ ಅಷ್ಟೇ ಹುಟ್ಟುತ್ತದೆ. ಅದನ್ನು ತಣಿಸಲು ದ್ರವವನ್ನು ಹರಿಸಬೇಕು. ಆ ದ್ರವದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ಬೇಕು. ವಿಮಾನದ ಮೂತಿಯ ಕೆಳಗೆ ಗದ್ದದಂತೆ ಕಾಣುವ ಭಾಗ ಅದರದೇ ಸ್ಥಳ. ಇನ್ನು ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬೆಟ್ಟ ಹತ್ತುವವರಿಗೆ ಏದುಸಿರು ಬರುವಂತೆ ಎಂಜಿನ್ನಿಗೂ ಉಸಿರು ಸಾಲುವುದಿಲ್ಲ. ಆದ್ದರಿಂದ ಸೂಪರ್‌ಚಾರ್ಜರ್ ಎಂಬ ವೇಗದ ಬೀಸಣಿಗೆಯೊಂದು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ.

ಹಡಗಿನ ಮೇಲಿನ ಬದುಕು

ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿ ಓಡುದಾರಿ ಸಾವಿರಾರು ಅಡಿ ಉದ್ದವಿರುತ್ತದೆ. ಆ ಕಾಲದ ವಿಮಾನವಾಹಕ ನೌಕೆಯ ಮೇಲೆ ವಿಮಾನಕ್ಕೆ ಸಿಗುತ್ತಿದ್ದುದು ಕೆಲವು ನೂರು ಅಡಿ ಮಾತ್ರ. ಅದೂ ಅಲೆಗಳ ಮೇಲೆ ಏಳುತ್ತ ಬೀಳುತ್ತ ಚಲಿಸುವ ನೆಲ. ಆದ್ದರಿಂದ ನೌಕಾ ವಿಮಾನಗಳಿಗೆ ಬೇರೆಯದೇ ಆದ ಅಂಗಗಳು ಬೇಕಾಗುತ್ತವೆ. ಬಾಲದ ಬಳಿ ಕೆಳಗೆ ಇಳಿಯುವ ಒಂದು ಕೊಕ್ಕೆ. ನೌಕೆಯ ಮೇಲೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಆ ಕೊಕ್ಕೆ ಹಿಡಿದರೆ ವಿಮಾನ ನಿಲ್ಲುತ್ತದೆ. ಹಿಡಿಯದಿದ್ದರೆ ಅಪಾಯ ಕಾದಿರುತ್ತದೆ. ನಿಧಾನವಾಗಿ ಇಳಿಯುವಾಗಲೂ ಬೀಳದಂತೆ ಹಿಡಿದಿಡಲು ರೆಕ್ಕೆಯ ಹಿಂಭಾಗದಲ್ಲಿ ದೊಡ್ಡ ಫ್ಲಾಪುಗಳು. ಹಡಗಿನ ಹೊಟ್ಟೆಯೊಳಗೆ ಹೆಚ್ಚು ವಿಮಾನಗಳನ್ನು ಇಡಬೇಕಾದ್ದರಿಂದ ಮಡಚಬಲ್ಲ ರೆಕ್ಕೆಗಳು. ಫೈರ್‌ಫ್ಲೈನ ರೆಕ್ಕೆಗಳ ಅಗಲ ತುದಿಯಿಂದ ತುದಿಗೆ ಸುಮಾರು 13.5 ಮೀಟರ್. ಹಕ್ಕಿ ರೆಕ್ಕೆ ಮುದುರಿದಂತೆ ಅವನ್ನು ಹಿಂದಕ್ಕೆ ಮಡಚಿ ಮೈಗೆ ಒರಗಿಸಬಹುದಿತ್ತು. ಮೊದಲ ಮಾದರಿಗಳಲ್ಲಿ ಈ ಕೆಲಸವನ್ನು ನಾವಿಕರು ಕೈಯಿಂದಲೇ ಮಾಡುತ್ತಿದ್ದರು.

ಇನ್ನೊಂದು ವಿಶೇಷ. ಸಾಮಾನ್ಯವಾಗಿ ಯುದ್ಧವಿಮಾನದಲ್ಲಿ ಚಾಲಕ ಒಬ್ಬನೇ. ಫೈರ್‌ಫ್ಲೈನಲ್ಲಿ ಇಬ್ಬರು. ಮುಂದೆ ಚಾಲಕ, ಹಿಂದೆ ದಾರಿ ಲೆಕ್ಕ ಹಾಕುವವನು. ಸಮುದ್ರದ ಮೇಲೆ ಊರಿಲ್ಲ, ರೈಲುದಾರಿಯಿಲ್ಲ, ಕೆರೆಯಿಲ್ಲ, ಗುಡ್ಡವಿಲ್ಲ. ಎಲ್ಲ ದಿಕ್ಕಿಗೂ ಒಂದೇ ನೀರು. ವಿಮಾನ ಹಾರಿದಾಗ ಇದ್ದ ಸ್ಥಳದಲ್ಲಿ ಎರಡು ಗಂಟೆಯ ನಂತರ ಹಡಗೂ ಇರುವುದಿಲ್ಲ. ಗಾಳಿಯ ದಿಕ್ಕು, ವೇಗ, ಹಡಗಿನ ಚಲನೆ ಎಲ್ಲವನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ಹಿಂದಿರುಗುವ ದಾರಿ ಹುಡುಕಬೇಕು. ಗಣಿತ ತಪ್ಪಿದರೆ ಜೀವವೇ ಹೋಗುತ್ತಿತ್ತು. ತರಗತಿಯಲ್ಲಿ ಕಲಿಯುವ ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಈ ಹಿಂದಿನ ಆಸನವೇ ಉತ್ತರ.

ಯುದ್ಧದ ದಿನಗಳು

ಫೈರ್‌ಫ್ಲೈ ಮೊದಲ ಬಾರಿಗೆ ಹಾರಿದ್ದು 1941ರ ಡಿಸೆಂಬರ್ 22ರಂದು, ಇಂಗ್ಲೆಂಡಿನಲ್ಲಿ. ಅದೇ ತಿಂಗಳು ಜಪಾನಿನ ವಿಮಾನವಾಹಕ ನೌಕೆಗಳು ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ್ದವು. ಮುಂದಿನ ನಾಲ್ಕು ತಿಂಗಳಲ್ಲಿ ಆ ಬೆಂಕಿ ನಮ್ಮ ಬಾಗಿಲಿಗೇ ಬಂತು. 1942ರ ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಸಿಂಹಳದ ಟ್ರಿಂಕೋಮಲಿ ಜಪಾನಿ ವಿಮಾನಗಳ ದಾಳಿಗೆ ತುತ್ತಾದವು. ಹರ್ಮೀಸ್ ಎಂಬ ಬ್ರಿಟಿಷ್ ವಿಮಾನವಾಹಕ ನೌಕೆ 9ನೇ ತಾರೀಖು ಸಿಂಹಳದ ಕರಾವಳಿಯಲ್ಲಿ ಮುಳುಗಿಹೋಯಿತು. ಸಮುದ್ರದ ಮೇಲೆ ಸಮರ್ಥ ವಿಮಾನಗಳಿಲ್ಲದೆ ಹಡಗುಗಳಿಗೆ ಉಳಿವಿಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

ಫೈರ್‌ಫ್ಲೈ ವಿಮಾನಗಳು ಹೋರಾಟಕ್ಕೆ ಇಳಿದದ್ದು 1944ರ ಜುಲೈನಲ್ಲಿ. ಇನ್‌ಡಿಫ್ಯಾಟಿಗಬಲ್ ಎಂಬ ನೌಕೆಯಿಂದ ಹೊರಟು ನಾರ್ವೆಯಲ್ಲಿ ಅಡಗಿದ್ದ ಜರ್ಮನಿಯ ಟಿರ್ಪಿಟ್ಸ್ ಎಂಬ ದೊಡ್ಡ ಯುದ್ಧನೌಕೆಯ ವಿರುದ್ಧ ನಡೆದ ದಾಳಿಯಲ್ಲಿ ಅವು ಪಾಲ್ಗೊಂಡವು. ಆಮೇಲೆ ಅದೇ ನೌಕೆ ಪೂರ್ವದ ಕಡೆಗೆ ಬಂತು. 1945ರ ಜನವರಿಯಲ್ಲಿ ಇಂದಿನ ಇಂಡೋನೇಷ್ಯಾದ ಸುಮಾತ್ರ ದ್ವೀಪದಲ್ಲಿದ್ದ ಪಂಗ್ಕಲನ್ ಬ್ರಾಂಡನ್ ಮತ್ತು ಪಾಲೆಂಬಾಂಗ್ ಎಣ್ಣೆ ಶುದ್ಧೀಕರಣ ಕೇಂದ್ರಗಳ ಮೇಲೆ ನಡೆದ ದಾಳಿಗಳಲ್ಲಿ ಈ ವಿಮಾನಗಳಿದ್ದವು. ಜಪಾನಿನ ವಿಮಾನ, ಹಡಗುಗಳಿಗೆ ಬೇಕಾದ ಇಂಧನ ಅಲ್ಲಿಂದ ಹೋಗುತ್ತಿತ್ತು.

ಈ ಮಾದರಿಯ ವಿಮಾನದ ರೆಕ್ಕೆಗಳಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ರೆಕ್ಕೆಯ ಅಡಿಯಲ್ಲಿ ಎಂಟು ರಾಕೆಟ್‌ಗಳನ್ನು ತೂಗುಹಾಕಬಹುದಿತ್ತು. ರಾಕೆಟ್ ಎಂಬ ಮಾತು ಬಂದಾಗ ಶ್ರೀರಂಗಪಟ್ಟಣದ ನೆರೆಯವರಾದ ನಮ್ಮ ಕಿವಿ ನಿಮಿರುವುದು ಸಹಜ. ಆ ವಿಷಯಕ್ಕೆ ಮುಂದೆ ಬರೋಣ.

ಅದೇ ಹೊತ್ತಿನಲ್ಲಿ ನಮ್ಮ ಮೈಸೂರಿನಲ್ಲಿ

ಇಂಗ್ಲೆಂಡಿನಲ್ಲಿ ಫೈರ್‌ಫ್ಲೈ ಇನ್ನೂ ನಕಾಶೆಯ ಹಾಳೆಯ ಮೇಲಿದ್ದಾಗ ಮೈಸೂರು ಸಂಸ್ಥಾನದಲ್ಲಿ ಒಂದು ಮಹತ್ವದ ಕೆಲಸ ನಡೆಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲೇ ವಿಮಾನ ತಯಾರಿಸಬೇಕೆಂಬ ಹಂಬಲ. ಆಗ ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1926ರಿಂದ 1941ರವರೆಗೆ ದಿವಾನಗಿರಿ ನಡೆಸಿದ ಅವರನ್ನು ಮಂಡ್ಯ ಜಿಲ್ಲೆಯವರಿಗೆ ಪರಿಚಯಿಸಬೇಕಾಗಿಲ್ಲ. ಕನ್ನಂಬಾಡಿಯ ಬೃಂದಾವನ, ಮಂಡ್ಯದ ಸಕ್ಕರೆ ಕಾರ್ಖಾನೆ ಅವರ ಕಾಲದ ಕೆಲಸಗಳು. ಅವರ ಸರ್ಕಾರ ವಿಮಾನ ಕಾರ್ಖಾನೆಗೆ ಬೆಂಗಳೂರಿನಲ್ಲಿ ಜಾಗ ನೀಡಿತು. ಬಂಡವಾಳದಲ್ಲೂ 25 ಲಕ್ಷ ರೂಪಾಯಿ ತೊಡಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಇಂದಿನ ಎಚ್‌ಎಎಲ್‌ನ ಮೂಲ ಅದೇ.

ಯುದ್ಧ ತೀವ್ರವಾದಾಗ ಅಲ್ಲಿ ಹೊಸ ವಿಮಾನ ಕಟ್ಟುವುದಕ್ಕಿಂತ ಹಾರಿ ಬಳಲಿದ ವಿಮಾನಗಳ ದುರಸ್ತಿಯೇ ಮುಖ್ಯವಾಯಿತು. ಸಮುದ್ರದ ಮೇಲೆ ಕಾವಲು ಕಾಯುತ್ತಿದ್ದ ಕ್ಯಾಟಲಿನಾ ಎಂಬ ವಿಮಾನಗಳೂ ದುರಸ್ತಿಗೆ ಬರುತ್ತಿದ್ದವು. ಅವು ನೀರಿನ ಮೇಲೆ ಇಳಿಯುವ ವಿಮಾನಗಳು. ಕಡಲಿನಿಂದ ದೂರದ ಬೆಂಗಳೂರಿನಲ್ಲಿ ನೀರೆಲ್ಲಿ? ಕಾರ್ಖಾನೆಯ ಪಕ್ಕದ ಬೆಳ್ಳಂದೂರು ಕೆರೆಯೇ ಅವುಗಳ ನಿಲ್ದಾಣವಾಯಿತು. ಎಂದೋ ಗದ್ದೆಗೆ ನೀರುಣಿಸಲು ಕಟ್ಟಿದ ಕೆರೆಯ ಮೇಲೆ ಹಿಂದೂ ಮಹಾಸಾಗರದ ಕಾವಲು ವಿಮಾನ ಬಂದು ಇಳಿಯುತ್ತಿತ್ತು ಎಂದರೆ ಇಂದು ನಂಬುವುದು ಕಷ್ಟ. ಹೀಗೆ ಪಿಸ್ಟನ್ ಎಂಜಿನ್ ಬಿಚ್ಚಿ, ತೊಳೆದು, ಸವೆದ ಭಾಗ ಬದಲಾಯಿಸಿ ಮತ್ತೆ ಜೋಡಿಸುವ ವಿದ್ಯೆಯನ್ನು ನಮ್ಮ ನಾಡಿನ ಫಿಟ್ಟರುಗಳು, ಟರ್ನರುಗಳು ಕೈಯಲ್ಲಿ ಮಾಡುತ್ತ ಕಲಿತರು. ಆ ಕಲಿಕೆಯ ಫಲವಾಗಿ 1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಬೆಂಗಳೂರಿನಲ್ಲೇ ರೂಪುಗೊಂಡು ಹಾರಿತು. ಅದರ ವಿನ್ಯಾಸದ ಮುಂದಾಳು ಡಾ. ವಿ. ಎಂ. ಘಾಟಗೆ. ಅದೂ ಪಿಸ್ಟನ್ ಎಂಜಿನ್ನಿನದೇ. ನೌಕಾಪಡೆಯೂ ಅದನ್ನು ಬಳಸಿತು. ಗೋವಾದ ವಸ್ತುಸಂಗ್ರಹಾಲಯದಲ್ಲಿ ಫೈರ್‌ಫ್ಲೈ ಇರುವ ಅಂಗಳದಲ್ಲೇ ಬೆಂಗಳೂರಿನ ಎಚ್‌ಟಿ-2 ಕೂಡ ಇದೆ.

ಬೇಟೆಗಾರನೇ ಗುರಿಯಾದ ಬಗೆ

ಯುದ್ಧ ಮುಗಿಯುವ ಹೊತ್ತಿಗೆ ಜೆಟ್ ಎಂಜಿನ್ ಬಂದಿತ್ತು. ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಫೈರ್‌ಫ್ಲೈ ಜೆಟ್ ಯುದ್ಧವಿಮಾನಗಳ ಮುಂದೆ ನಿಧಾನದ್ದಾಯಿತು. 1950ರಿಂದ 53ರ ಕೊರಿಯಾ ಯುದ್ಧದಲ್ಲಿ ಅದನ್ನು ನೆಲದ ಗುರಿಗಳ ಮೇಲಿನ ದಾಳಿಗೆ ಬಳಸಿದರು. ಆನಂತರ ಅದಕ್ಕೆ ಬೇರೆ ಕೆಲಸಗಳು ದೊರೆತವು. ಒಟ್ಟು 1,702 ಫೈರ್‌ಫ್ಲೈಗಳು ತಯಾರಾದವು. ಸ್ವೀಡನ್, ಡೆನ್ಮಾರ್ಕ್, ಭಾರತ ಮೊದಲಾದ ದೇಶಗಳು ಅವನ್ನು ಕೊಂಡದ್ದು ಗುರಿ ಎಳೆಯುವ ವಿಮಾನವಾಗಿ.

ನಮ್ಮ ನೌಕಾಪಡೆಗೆ ಆಗ ವಿಮಾನವಾಹಕ ನೌಕೆ ಇರಲಿಲ್ಲ. ವಾಯುದಳವೇ ಆಗತಾನೇ ಕಣ್ಣು ಬಿಡುತ್ತಿತ್ತು. 1953ರ ಮೇ 11ರಂದು ಕೊಚ್ಚಿಯಲ್ಲಿ ಗರುಡ ಎಂಬ ಹೆಸರಿನ ಮೊದಲ ನೌಕಾ ವಾಯುನೆಲೆ ಆರಂಭವಾಯಿತು. ಮೊದಲು ಬಂದವು ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ ಸೀಲ್ಯಾಂಡ್ ವಿಮಾನಗಳು. 1955ರಲ್ಲಿ ಫೈರ್‌ಫ್ಲೈಗಳು ಬಂದವು. ಅವುಗಳಲ್ಲಿ ಫಿರಂಗಿ ಇರಲಿಲ್ಲ. ಬದಲಿಗೆ ತಂತಿ ಸುತ್ತುವ ಒಂದು ರಾಟೆ ಇತ್ತು.

ಕೆಲಸ ಹೀಗಿತ್ತು. ವಿಮಾನ ಸಮುದ್ರದ ಮೇಲೆ ಹಾರಿ ಆ ರಾಟೆಯಿಂದ ಉದ್ದನೆಯ ಉಕ್ಕಿನ ತಂತಿಯನ್ನು ಹಿಂದಕ್ಕೆ ಬಿಡುತ್ತದೆ. ತಂತಿಯ ತುದಿಯಲ್ಲಿ ಬಟ್ಟೆಯ ಒಂದು ಚೀಲ ಗಾಳಿ ತುಂಬಿಕೊಂಡು ಹಾರುತ್ತದೆ. ಕೆಳಗೆ ಯುದ್ಧನೌಕೆಯ ಫಿರಂಗಿಯವರು ಆ ಚೀಲವನ್ನು ಶತ್ರುವಿನ ವಿಮಾನವೆಂದು ಭಾವಿಸಿ ಗುರಿಯಿಟ್ಟು ಹೊಡೆಯುತ್ತಾರೆ. ಚಲಿಸುವ ಹಡಗಿನಿಂದ ಚಲಿಸುವ ಗುರಿಗೆ ಹೊಡೆಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಗುರಿ ಇರುವಲ್ಲಿಗೆ ಹೊಡೆದರೆ ಗುಂಡು ತಲುಪುವಷ್ಟರಲ್ಲಿ ಗುರಿ ಮುಂದೆ ಹೋಗಿರುತ್ತದೆ. ಎಷ್ಟು ಮುಂದಕ್ಕೆ ಹೊಡೆಯಬೇಕು ಎಂಬುದು ಮತ್ತೆ ಮತ್ತೆ ಮಾಡಿದಾಗ ಮಾತ್ರ ಕೈಗೆ ಹತ್ತುತ್ತದೆ. ಅಷ್ಟು ಹೊತ್ತು ವಿಮಾನದ ಚಾಲಕ ಎತ್ತರ ತಪ್ಪದೆ, ವೇಗ ತಪ್ಪದೆ, ದಿಕ್ಕು ತಪ್ಪದೆ ನೇರವಾಗಿ ಹಾರಬೇಕು. ತನ್ನ ಹಿಂದೆಯೇ ತನ್ನವರ ಗುಂಡುಗಳು ಸಿಡಿಯುತ್ತಿವೆ ಎಂಬುದು ಅವನಿಗೆ ಗೊತ್ತು. ಅವನು ಬೆದರಿ ಆಚೀಚೆ ತಿರುಗಿದರೆ ಕೆಳಗಿನವರ ಅಭ್ಯಾಸ ಕೆಡುತ್ತದೆ.

ಈ ಕೆಲಸಕ್ಕೆ ಪದಕವಿಲ್ಲ. ಪತ್ರಿಕೆಯಲ್ಲಿ ಸುದ್ದಿಯೂ ಬರುವುದಿಲ್ಲ. ಒಳ್ಳೆಯ ಉಪಾಧ್ಯಾಯರ ಕೆಲಸವೂ ಇಂತಹುದೇ. ಪರೀಕ್ಷೆಯಲ್ಲಿ ಹೆಸರು ಬರುವುದು ವಿದ್ಯಾರ್ಥಿಗೆ. ಅವನ ತಪ್ಪು ಒಪ್ಪುಗಳನ್ನೆಲ್ಲ ದಿನವೂ ಸಹಿಸಿಕೊಂಡು ನೇರವಾಗಿ ನಡೆದವರು ಹಿಂದೆ ಉಳಿಯುತ್ತಾರೆ.

ಕೊಚ್ಚಿಯಲ್ಲಿ ಹೀಗೆ ಪಾಠವಾದ ಕೆಲವೇ ವರ್ಷಗಳಲ್ಲಿ ನೌಕಾಪಡೆ ಬೆಳೆಯಿತು. 1961ರ ಮಾರ್ಚ್ 4ರಂದು ವಿಕ್ರಾಂತ್ ವಿಮಾನವಾಹಕ ನೌಕೆ ಸೇವೆಗೆ ಸೇರಿತು. ಅದರ ಮೇಲೆ ಸೀ ಹಾಕ್ ಎಂಬ ಜೆಟ್ ವಿಮಾನಗಳೂ ಅಲೀಝೆ ಎಂಬ ಜಲಾಂತರ್ಗಾಮಿ ನಾಶಕ ವಿಮಾನಗಳೂ ಬಂದವು. ಅಲೀಝೆಯ ಮುಂದೆ ಪಂಕವಿದ್ದರೂ ಅದನ್ನು ತಿರುಗಿಸುತ್ತಿದ್ದುದು ಪಿಸ್ಟನ್ ಅಲ್ಲ, ಟರ್ಬೈನ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾಗಿ, ದಾಬೋಲಿಂ ಮುಂದೆ ನೌಕಾಪಡೆಯ ಪ್ರಮುಖ ವಾಯುನೆಲೆಯಾಯಿತು. 1971ರ ಡಿಸೆಂಬರ್‌ನ ಯುದ್ಧದಲ್ಲಿ ವಿಕ್ರಾಂತ್‌ನ ವಿಮಾನಗಳು ಬಂಗಾಳಕೊಲ್ಲಿಯಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ಕಾರ್ಯಾಚರಣೆ ನಡೆಸಿದ್ದು ಎಲ್ಲರಿಗೂ ತಿಳಿದ ಇತಿಹಾಸ. ಬಟ್ಟೆಯ ಚೀಲ ಎಳೆದ ವಿಮಾನಗಳ ಹೆಸರು ಆ ಇತಿಹಾಸದಲ್ಲಿ ಕಾಣುವುದು ಅಪರೂಪ. ಆದರೆ ಆ ಕಟ್ಟಡದ ಅಡಿಪಾಯದಲ್ಲಿ ಅವುಗಳ ಕಲ್ಲೂ ಇದೆ.

ಉಳಿಸುವುದೂ ಒಂದು ವಿದ್ಯೆ

1998ರ ಅಕ್ಟೋಬರ್‌ನಲ್ಲಿ ಗೋವಾದ ವಸ್ತುಸಂಗ್ರಹಾಲಯ ಆರಂಭವಾಯಿತು. ಫೈರ್‌ಫ್ಲೈ ಅಲ್ಲಿ ಸೇರಿತು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ವಸ್ತುಸಂಗ್ರಹಾಲಯಗಳಲ್ಲಿಯೂ ಈ ಜಾತಿಯ ವಿಮಾನಗಳನ್ನು ಉಳಿಸಿಕೊಂಡಿದ್ದಾರೆ. ಸಾವಿರದ ಏಳುನೂರರಲ್ಲಿ ಉಳಿದವು ಕೆಲವು ಮಾತ್ರ. ಉಳಿದವೆಲ್ಲ ಸಮುದ್ರಕ್ಕೋ ಗುಜರಿಗೋ ಹೋದವು.

ವಿಮಾನವನ್ನು ನಿಲ್ಲಿಸಿ ಬಣ್ಣ ಬಳಿದುಬಿಟ್ಟರೆ ಅದು ಉಳಿಯುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹ. ಬೋಲ್ಟುಗಳು, ಕಾಲುಗಳು ಉಕ್ಕಿನವು. ಬೇರೆ ಬೇರೆ ಲೋಹಗಳು ತಾಗಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಲಿ ಬ್ಯಾಟರಿಯೊಳಗೆ ನಡೆಯುವಂತಹ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಪಕ್ಕದಲ್ಲೇ ಕಡಲು. ಬಯಲಿನಲ್ಲಿ ನಿಂತ ವಿಮಾನದ ಮೇಲೆ ಉಪ್ಪಿನ ಗಾಳಿ ದಿನವೂ ಬೀಸುತ್ತದೆ. ರಬ್ಬರು ಬಿಸಿಲಿಗೆ ಸೀಳುತ್ತದೆ. ಗಾಜು ಮಸುಕಾಗುತ್ತದೆ. ಸಂದಿಗಳಲ್ಲಿ ನೀರು ನಿಲ್ಲುತ್ತದೆ. ಅದನ್ನು ತೊಳೆಯಲು, ಒಣಗಿಸಲು, ತುಕ್ಕು ಕೆರೆದು ಮತ್ತೆ ಬಣ್ಣ ಬಳಿಯಲು ಬಲ್ಲವರು ಬೇಕು. ಹಾರಿಸುವುದು ಒಂದು ವಿದ್ಯೆಯಾದರೆ ಉಳಿಸುವುದು ಇನ್ನೊಂದು ವಿದ್ಯೆ. ಲೋಹಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೆ ಇಲ್ಲೂ ಕೆಲಸವಿದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ನಮ್ಮ ಕರ್ನಾಟಕದಲ್ಲಿಯೂ ಇಂತಹ ಕೆಲಸ ನಡೆದಿದೆ. 2001ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್ ತನ್ನ ವಸ್ತುಸಂಗ್ರಹಾಲಯ ತೆರೆಯಿತು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ನೌಕೆ 2006ರಿಂದ ವಸ್ತುಸಂಗ್ರಹಾಲಯವಾಗಿದೆ. 2017ರಲ್ಲಿ ನಿವೃತ್ತವಾದ ಟುಪೊಲೆವ್ 142 ಜಾತಿಯ ದೈತ್ಯ ಕಾವಲು ವಿಮಾನವೊಂದು ಇತ್ತೀಚಿನ ವರ್ಷಗಳಲ್ಲಿ ಅದೇ ತೀರಕ್ಕೆ ಬಂದು ಸೇರಿದೆ.

ನಾವು ಕಳೆದುಕೊಂಡದ್ದು, ಮತ್ತೆ ಪಡೆದದ್ದು

ಈಗ ರಾಕೆಟ್ಟಿನ ಮಾತಿಗೆ ಬರೋಣ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್‌ಗಳನ್ನು ಬಳಸುತ್ತಿತ್ತು. ಕಾಗದದ ಅಥವಾ ಬಿದಿರಿನ ಕೊಳವೆಗಿಂತ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತದೆ. ಆದ್ದರಿಂದ ಅವು ದೂರ ಹೋಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಶವಾದ ರಾಕೆಟ್‌ಗಳು ಇಂಗ್ಲೆಂಡಿನ ವೂಲ್‌ವಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬವರು ಅವುಗಳನ್ನು ಅಭ್ಯಸಿಸಿ ತಮ್ಮ ರಾಕೆಟ್ ತಯಾರಿಸಿದರು. 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ ಅವನ್ನು ದೋಣಿಗಳಿಂದಲೇ ಹಾರಿಸಲಾಯಿತು. ಹೀಗೆ ಕಾವೇರಿ ತೀರದ ಅಸ್ತ್ರ ಕಡಲಿಗಿಳಿಯಿತು. ಫೈರ್‌ಫ್ಲೈನ ರೆಕ್ಕೆಯ ಕೆಳಗಿನ ರಾಕೆಟ್ ಟಿಪ್ಪುವಿನ ರಾಕೆಟ್ಟಿನ ನೇರ ಮೊಮ್ಮಗ ಎಂದು ಹೇಳಿದರೆ ಅದು ಅತಿಶಯೋಕ್ತಿ. ನಡುವಿನ ನೂರೈವತ್ತು ವರ್ಷಗಳಲ್ಲಿ ಮದ್ದು, ಲೋಹ, ವಿನ್ಯಾಸ ಎಲ್ಲ ಬದಲಾಗಿವೆ. ಆದರೆ ಲೋಹದ ಕೊಳವೆಯ ಯುದ್ಧ ರಾಕೆಟ್ಟನ್ನು ಯುರೋಪು ಗಂಭೀರವಾಗಿ ತೆಗೆದುಕೊಂಡದ್ದು ಮೈಸೂರಿನ ರಣಾಂಗಣದ ಅನುಭವದಿಂದ ಎಂಬುದು ನಿಜ.

ಟಿಪ್ಪು ನೌಕಾಬಲದ ಬಗ್ಗೆಯೂ ಯೋಚಿಸಿದ್ದ. 1796ರಲ್ಲಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಆತ ಆಜ್ಞೆ ಹೊರಡಿಸಿದ. ಮಂಗಳೂರು, ಮೀರ್ಜಾನ್ ಮೊದಲಾದ ಕಡೆ ಕೆಲಸ ಆರಂಭವಾಗಬೇಕಿತ್ತು. ಮೂರು ವರ್ಷಗಳಲ್ಲಿ ರಾಜ್ಯವೇ ಹೋಯಿತು. ಇಂದು ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಯ ಕಾವಲಿಗೆ ಕಟ್ಟಿದ ಸುಲ್ತಾನ್ ಬತ್ತೇರಿ ನಿಂತಿದೆ. ಆದರೆ ಮಕ್ಕಳಿಗೆ ತೋರಿಸಲು ಆ ನೌಕಾಬಲದ ಒಂದು ಹಡಗೂ ನಮ್ಮಲ್ಲಿಲ್ಲ.

ರಾಕೆಟ್ಟಿನ ವಿಷಯದಲ್ಲಿ ಅದೃಷ್ಟ ನಮ್ಮ ಕಡೆಗಿತ್ತು. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ದೊರೆತವು. ಇನ್ನೂರಕ್ಕೂ ಹೆಚ್ಚು ವರ್ಷ ಕೆಸರಿನಲ್ಲಿ ಹೂತಿದ್ದ ಅವನ್ನು ಪುರಾತತ್ವ ಇಲಾಖೆಯವರು ಹೊರತೆಗೆದರು. ಅದಕ್ಕೂ ಹಿಂದೆ, 2017ರಲ್ಲಿ, ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಇಡೀ ಕಟ್ಟಡವನ್ನೇ ಬುನಾದಿಯಿಂದ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿದ್ದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ರೈಲೂ ಬಂತು, ಕಟ್ಟಡವೂ ಉಳಿಯಿತು. ಮನಸ್ಸಿದ್ದರೆ, ಅದರ ಜೊತೆಗೆ ವಿದ್ಯೆಯೂ ಇದ್ದರೆ, ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಕಟ್ಟಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕೊನೆಯ ಮಾತು

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಪ್ರವಾಸದಲ್ಲಿ ಗೋವಾಕ್ಕೆ ಹೋದರೆ ಬೋಗ್ಮಾಲೋ ದಾರಿಯಲ್ಲಿ ಬಸ್ಸು ನಿಲ್ಲಿಸಲು ನಿಮ್ಮ ಅಧ್ಯಾಪಕರನ್ನು ಕೇಳಿ. ಮೂತಿಯ ಕೆಳಗೆ ಗದ್ದವಿರುವ ವಿಮಾನವನ್ನು ಹುಡುಕಿ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಮೊದಲು ಸ್ವಲ್ಪ ಹೊತ್ತು ನೋಡಿ. ರೆಕ್ಕೆ ಮಡಚುವ ಕೀಲು ಎಲ್ಲಿದೆ, ಹಿಂದಿನ ಆಸನದಲ್ಲಿ ಕುಳಿತವನಿಗೆ ಹೊರಗೆ ಎಷ್ಟು ಕಾಣುತ್ತಿತ್ತು, ಇಷ್ಟು ದೊಡ್ಡ ಎಂಜಿನ್ನನ್ನು ತಣಿಸಲು ಗಾಳಿ ಎಲ್ಲಿಂದ ಒಳಗೆ ಹೋಗುತ್ತಿತ್ತು ಎಂದು ಗಮನಿಸಿ. ಪಕ್ಕದ ಎಚ್‌ಟಿ-2 ವಿಮಾನವನ್ನೂ ನೋಡಿ. ಅದು ನಮ್ಮ ಬೆಂಗಳೂರಿನದು.

ಇತಿಹಾಸವೆಂದರೆ ಗೆದ್ದವರ, ಸೋತವರ ಪಟ್ಟಿ ಮಾತ್ರವಲ್ಲ. ಯಾರೋ ಕಟ್ಟಿದರು, ಯಾರೋ ದುರಸ್ತಿ ಮಾಡಿದರು, ಯಾರೋ ಹಿಂದಿನ ಆಸನದಲ್ಲಿ ಕುಳಿತು ಲೆಕ್ಕ ಹಾಕಿದರು, ಯಾರೋ ಇತರರು ಕಲಿಯಲೆಂದು ಗುರಿ ಎಳೆದರು, ಯಾರೋ ತುಕ್ಕು ಹಿಡಿಯದಂತೆ ಒರೆಸಿದರು. ಫೈರ್‌ಫ್ಲೈ ಫಿರಂಗಿ ಹೊತ್ತಿದ್ದಾಗಿನ ಕಥೆಗಿಂತ ಫಿರಂಗಿ ಕಳಚಿದ ಮೇಲಿನ ಕಥೆಯೇ ನಮ್ಮ ದೇಶಕ್ಕೆ ಹೆಚ್ಚು ಸಂಬಂಧಿಸಿದ್ದು. ಒಂದು ಹೊಸ ಪಡೆ ಅದರಿಂದ ಪಾಠ ಕಲಿಯಿತು.

ನಮ್ಮ ಊರುಗಳಲ್ಲಿಯೂ ಹಳೆಯ ದಾಖಲೆಗಳು, ಶಾಲೆಯ ಮೊದಲ ಹಾಜರಿ ಪುಸ್ತಕಗಳು, ಅಜ್ಜಂದಿರು ಕಾರ್ಖಾನೆಯಲ್ಲೋ ಸೈನ್ಯದಲ್ಲೋ ದುಡಿದಾಗಿನ ಕಾಗದಪತ್ರಗಳು, ಉಪಕರಣಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ಅವುಗಳಿಗೂ ಗೆದ್ದಲು, ತೇವ, ಮರೆವು ಎಂಬ ಶತ್ರುಗಳಿವೆ. ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ, ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಒಂದು ವಿಮಾನವನ್ನು ಉಳಿಸುವುದು ನೌಕಾಪಡೆಯಂತಹ ದೊಡ್ಡ ಸಂಸ್ಥೆಗೆ ಸಾಧ್ಯ. ಒಂದು ಹಾಜರಿ ಪುಸ್ತಕವನ್ನು ಉಳಿಸುವುದು ನಮ್ಮಲ್ಲಿ ಯಾರಿಗಾದರೂ ಸಾಧ್ಯ.